ಅತ್ತೆಯ ಬಿಸಿಲಲ್ಲಿ ನನ್ನ ನೀಲಿ

ಐವತ್ತು ದಾಟಿದ ಮೇಲೆ ಮನುಷ್ಯರಿಗೆ ಏನಾದರೊಂದು ಹಿಡಿದೇ ಹಿಡಿಯುತ್ತದೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಬಿ.ಪಿ., ಇನ್ನು ಕೆಲವರಿಗೆ ಭಜನಾ ಮಂಡಳಿ. ನಮ್ಮ ಶಾಲೆಯ ಗಣಿತದ ಮೇಡಂಗೆ ವಾಕಿಂಗ್ ಹಿಡಿದು ಅರಸೀಕೆರೆಯ ರಸ್ತೆಗಳೆಲ್ಲ ಸವೆದುಹೋಗಿವೆ. ನಮ್ಮನೆಯವರಿಗೆ ತೆಂಗಿನ ರೋಗಗಳ ವಿಡಿಯೋ ನೋಡುವ ರೋಗ ಹಿಡಿದಿದೆ. ತೋಟದಲ್ಲಿ ಮರಗಳು ಗಟ್ಟಿಮುಟ್ಟಾಗಿವೆ, ಇವರು ಮಾತ್ರ ದಿನೇ ದಿನೇ ಸೊರಗುತ್ತಿದ್ದಾರೆ. ನನಗೆ ಹಿಡಿದದ್ದು ನೀಲಿ. ಉಗುರಿನ ಸಂದಿಯಲ್ಲಿ ನೀಲಿ, ಸೀರೆಯ ಸೆರಗಿನಲ್ಲಿ ನೀಲಿ, ಒಂದು ದಿನ ಕತ್ತಿನ ಮೇಲೂ ನೀಲಿ. ವಿಜ್ಞಾನದ ಪಾಠ ಮಾಡುತ್ತ ಬೋರ್ಡಿನ ಕಡೆ ತಿರುಗಿದಾಗ ಹಿಂದಿನ ಬೆಂಚಿನಿಂದ ಯಾರೋ, "ಮೇಡಂ ವಿಷ ಕುಡಿದ ಶಿವ ಆಗ್ತಾವ್ರೆ ಕಣೋ" ಎಂದು ಪಿಸುಗುಟ್ಟಿದ್ದು ಕೇಳಿಸಿತು. ಕೇಳದವಳ ಹಾಗೆ ಪಾಠ ಮುಂದುವರಿಸಿದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಗಿತ್ತು. ಇಷ್ಟು ವರ್ಷದಲ್ಲಿ ಅವರು ನನ್ನನ್ನು ಯಾವ ದೇವರಿಗೂ ಹೋಲಿಸಿರಲಿಲ್ಲ.

ಈ ನೀಲಿ ನನಗೆ ಅಂಟಿದ್ದು ಬೇಲೂರಿನಲ್ಲಿ. ದಸರಾ ರಜೆಯಲ್ಲಿ ಅಲ್ಲಿನ ನನ್ನ ಗೆಳತಿ ವನಜಾ ಫೋನು ಮಾಡಿ, "ಮೈಸೂರಿಂದ ಒಂದು ಹುಡುಗಿ ಬಂದಿದ್ದಾಳೆ ಕಣೇ, ಹಳೇ ಕಾಲದ ಥರ ಕೈಯಲ್ಲೇ ಫೋಟೋ ಅಚ್ಚು ಹಾಕೋದು ಹೇಳ್ಕೊಡ್ತಾಳಂತೆ, ಊಟಾನೂ ಅಲ್ಲೇ, ಬಾ" ಎಂದಳು. ಊಟದ ಮಾತು ಬಂದ ಮೇಲೆ ನಾನು ಹೆಚ್ಚು ಯೋಚಿಸುವುದಿಲ್ಲ. ಯಗಚಿ ಹೊಳೆಯ ಕಡೆಗಿನ ಒಂದು ಮನೆಯ ಹಿತ್ತಿಲಲ್ಲಿ ನಮ್ಮಂಥ ನಾಲ್ಕಾರು ಜನ ಕೂತಿದ್ದೆವು. ಆ ವಿದ್ಯೆಯ ಹೆಸರು ಸಯನೋಟೈಪ್ ಅಂತೆ. ನನಗೆ ಯಾವುದೋ ಜ್ವರದ ಹೆಸರು ಕೇಳಿದಂತಾಯಿತು. ಊರೂರಿಗೆ ಸ್ಟುಡಿಯೋಗಳು ಬರುವುದಕ್ಕೆ ಎಷ್ಟೋ ಮೊದಲೇ ಹುಟ್ಟಿದ ಕಲೆ. ಇಂಜಿನಿಯರುಗಳು ಮನೆ ನಕ್ಷೆಗೆ ಬಳಸುತ್ತಿದ್ದ ನೀಲಿ ಬ್ಲೂ ಪ್ರಿಂಟೂ ಇದೇ ವಂಶದ್ದಂತೆ. ಎರಡು ಥರದ ಕಬ್ಬಿಣದ ಉಪ್ಪನ್ನು ನೀರಿನಲ್ಲಿ ಕರಗಿಸಿ, ಮಂದ ಬೆಳಕಿನಲ್ಲಿ ಬೆರೆಸಿ, ದಪ್ಪ ಕಾಗದಕ್ಕೆ ಬ್ರಷ್ಷಿನಿಂದ ಬಳಿದು ಕತ್ತಲಲ್ಲಿ ಒಣಗಿಸಬೇಕು. ಒಣಗಿದ ಕಾಗದದ ಮೇಲೆ ಎಲೆಯನ್ನೋ ಜರಡಿಯನ್ನೋ ನೆಗೆಟಿವನ್ನೋ ಇಟ್ಟು, ಗಾಜು ಮುಚ್ಚಿ ಬಿಸಿಲಿಗೆ ಒಡ್ಡಬೇಕು. ಬಿಸಿಲು ತಾಗಿದ ಕಡೆ ನೀಲಿ, ನೆರಳು ಕೂತ ಕಡೆ ಬಿಳಿ. ಕೊನೆಗೆ ನೀರಿನಲ್ಲಿ ತೊಳೆದರೆ ಮುಗಿಯಿತು.

ಮುಗಿಯಿತು ಅಂದೆನಲ್ಲ, ನನಗೆ ಶುರುವಾದದ್ದೇ ಆ ತೊಳೆಯುವಲ್ಲಿ. ನಾನು ಇಟ್ಟಿದ್ದದ್ದು ಒಂದು ನುಗ್ಗೆಸೊಪ್ಪಿನ ಕಡ್ಡಿ. ಬಿಸಿಲಿನಿಂದ ತೆಗೆದಾಗ ಕಾಗದ ಬೂದಿ ಬೂದಿಯಾಗಿ, ಒಲೆ ಮುಂದೆ ಬಿದ್ದ ಮಸಿಬಟ್ಟೆಯ ಹಾಗೆ ಕಾಣುತ್ತಿತ್ತು. ನೀರಿಗೆ ಹಾಕಿದೆ. ಹಳದಿ ನೀರು ಬಿಟ್ಟುಕೊಳ್ಳುತ್ತ ಬಂತು, ಅದರ ಅಡಿಯಿಂದ ನೀಲಿ ಮೆಲ್ಲಗೆ, ಯಾರಿಗೂ ಅವಸರವಿಲ್ಲ ಎನ್ನುವ ಹಾಗೆ, ಮೇಲೆದ್ದು ಬಂತು. ಆ ನೀಲಿಯ ನಡುವೆ ನುಗ್ಗೆ ಎಲೆಗಳು ಬೆಳ್ಳಗೆ ತೇಲುತ್ತಿದ್ದವು. ನಾನು ಹುಳಿಗೆ ಹಾಕುವ ನುಗ್ಗೆಯೇ ಅದು ಎಂದು ಆಣೆ ಇಟ್ಟು ಹೇಳಿದರೂ ನಂಬುವ ಹಾಗಿರಲಿಲ್ಲ. ಟ್ರೇಯ ಮೇಲೆ ಬಾಗಿ ನೋಡುತ್ತಲೇ ಇದ್ದೆ. ನೀರಿನಲ್ಲಿ ನನ್ನ ಮುಖ, ಮುಖದ ಹಿಂದೆ ಆಕಾಶ, ಅದರ ಕೆಳಗೆ ಇನ್ನೊಂದು ಆಕಾಶ. ಯಾರೋ ಊಟಕ್ಕೆ ಕರೆದರು. ನಾನು ಹೋಗಲಿಲ್ಲ. ನಾನು ಊಟಕ್ಕೆ ಏಳಲಿಲ್ಲ ಎನ್ನುವ ಸಂಗತಿಯನ್ನು ವನಜಾ ಇವತ್ತಿಗೂ ಬೇಲೂರಿನಲ್ಲಿ ಪವಾಡದ ಹಾಗೆ ಹೇಳಿಕೊಂಡು ತಿರುಗುತ್ತಾಳೆ.

ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯಾಚೆ ಏನು ಕಂಡರೂ ನೀಲಿಯಾಗಿಯೇ ಕಾಣಿಸುತ್ತಿತ್ತು. ಹಳೇಬೀಡಿನ ಕೆರೆ ನೀಲಿ, ಜಾವಗಲ್ ದಾಟಿದ ಮೇಲಿನ ತೆಂಗಿನ ಗರಿಗಳು ಬಿಳಿ. ಮುಂದಿನ ಸೀಟಿನ ಹೆಂಗಸಿನ ತುರುಬಿನ ಕನಕಾಂಬರವನ್ನು ಕಾಗದದ ಮೇಲೆ ಇಟ್ಟರೆ ಹೇಗೆ ಬಂದೀತು ಎಂದು ಯೋಚಿಸುತ್ತ ಕೈ ಮುಂದೆ ಚಾಚಿಬಿಟ್ಟಿದ್ದೆ. ಆಕೆ ತಿರುಗಿ ನೋಡಿದಳು. "ಹೂವು ಜಾರ್ತಿತ್ತು ಕಣ್ರೀ" ಎಂದು ಹೇಳಿ ಬಚಾವಾದೆ.

ಮನೆಗೆ ಬಂದ ಮೇಲೆ ಕತ್ತಲು ಬೇಕಲ್ಲ. ನಮ್ಮ ಮನೆಯಲ್ಲಿ ಹಾಡುಹಗಲಲ್ಲೂ ಕತ್ತಲು ಸಿಗುವ ಒಂದೇ ಜಾಗ ಹಿಂಬದಿಯ ಹೆಂಚಿನ ಭಾಗದಲ್ಲಿರುವ ಕೊಬ್ಬರಿ ಅಟ್ಟ. ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಅಲ್ಲಿ ಪೇರಿಸಿಟ್ಟಿರುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಎನ್ನುವವರೆಗೆ ಅವು ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತವೆ. ಬಳಿದ ಕಾಗದಗಳನ್ನು ಅವುಗಳ ನಡುವೆ ಹಗ್ಗಕ್ಕೆ ಸಿಕ್ಕಿಸಿ ನಾನೂ ಅಲ್ಲೇ ಕೂತುಬಿಡುತ್ತಿದ್ದೆ. ಹೆಂಚಿನ ಸಂದಿಯಿಂದ ಗೆರೆಯಷ್ಟು ಬೆಳಕು, ಒಣ ಸಿಪ್ಪೆಯ ವಾಸನೆ, ಕೆಳಗಡೆ ಮನೆಯ ಸದ್ದುಗಳೆಲ್ಲ ಯಾವುದೋ ದೂರದೂರಿನಿಂದ ಬಂದ ಹಾಗೆ. ಒಂದು ಸಲ ನಮ್ಮನೆಯವರು ಮನೆಯೆಲ್ಲ ಹುಡುಕಿ, "ಎಲ್ಲಿದ್ದೀಯೇ?" ಎಂದು ಕೂಗಿದರು. "ಅಟ್ಟದ ಮೇಲೆ." "ಅಲ್ಲೇನು ಮಾಡ್ತಿದ್ದೀಯ?" "ಒಣಗ್ತಾ ಇದ್ದೀನಿ." ಅವರು, "ಸರಿ, ಗುಡುಗುಡು ಅಂದಾಗ ಹೇಳು, ಇಳಿಸ್ತೀನಿ" ಎಂದು ಹೊರಟುಹೋದರು.

ಆಮೇಲೆ ನೀರಿನ ಗೋಳು. ಬೇಲೂರಿನಲ್ಲಿ ಅಷ್ಟು ಚೆನ್ನಾಗಿ ಎದ್ದು ಬಂದ ನೀಲಿ, ನಮ್ಮ ಬೋರ್‌ವೆಲ್ ನೀರು ಮುಟ್ಟಿದ ಕೂಡಲೇ ಬಿಳಿಚಿಕೊಂಡು ನೋಡನೋಡುತ್ತಲೇ ಮಾಯವಾಗುತ್ತಿತ್ತು. ನಮ್ಮ ನೀರಿನ ಗಡಸುತನ ಗೊತ್ತಲ್ಲ, ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಇನ್ನು ಚಿತ್ರ ಉಳಿಯುತ್ತದೆಯೇ? ಯಗಚಿಯ ನೀರೇ ಆಗಬೇಕೆಂದು ತೀರ್ಮಾನಿಸಿ, ಒಂದು ಭಾನುವಾರ ಬೇಲೂರಿಗೆ ಹೋಗಿ ಎರಡು ಕ್ಯಾನು ತುಂಬಿಸಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು, "ಏನ್ ಮೇಡಂ ಇದು, ಚೆನ್ನಕೇಶವನ ತೀರ್ಥಾನಾ?" ಎಂದು ತಮಾಷೆಗೆ ಕೇಳಿದರು. ನಾನು ನೀಲಿಯ ಕನಸಿನಲ್ಲಿ ಇದ್ದವಳು ಸುಮ್ಮನೆ ಹ್ಞೂಂಗುಟ್ಟಿದೆ. ಅಷ್ಟೇ, ಹಿಂದಿನ ಸೀಟಿನ ಅಜ್ಜಿ ಕೈ ಒಡ್ಡಿದರು, ಅವರ ಪಕ್ಕದವರು ಒಡ್ಡಿದರು, ಡ್ರೈವರಿಗೂ ಒಂದು ಮುಚ್ಚಳ ಹೋಯಿತು. ಅರಸೀಕೆರೆ ತಲುಪುವ ಹೊತ್ತಿಗೆ ಒಂದು ಕ್ಯಾನು ಪೂರ್ತಿ ಭಕ್ತರ ಪಾಲಾಗಿತ್ತು. ಸಾಲದ್ದಕ್ಕೆ, ಅವತ್ತೇ ಸಂಜೆ ಮೈಸೂರಿನ ಆ ಹುಡುಗಿಗೆ ಫೋನು ಮಾಡಿದರೆ, "ನಿಮ್ಮ ನೀರಿಗೇ ಒಂದು ನಿಂಬೆಹಣ್ಣು ಹಿಂಡಿ ಆಂಟಿ, ಸಾಕು" ಎಂದಳು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಆಮ್ಲ, ಕ್ಷಾರ ಎಂದು ಪಾಠ ಮಾಡುತ್ತ ಬಂದವಳು ನಾನು. ನಿಂಬೆಹಣ್ಣು ಫ್ರಿಜ್ಜಿನಲ್ಲೇ ಇತ್ತು.

ಕತ್ತಲು ಸಿಕ್ಕಿತು, ನೀರು ಸಿಕ್ಕಿತು. ಇನ್ನು ಬಿಸಿಲು. ಬಿಸಿಲು ಎಲ್ಲರಿಗೂ ಸೇರಿದ್ದು ಎಂದು ನಂಬಿದವರು ನಮ್ಮ ಮನೆಯ ತಾರಸಿಗೆ ಬಂದಿಲ್ಲ. ಅಲ್ಲಿನ ಬಿಸಿಲು ಪೂರ್ತಿ ನಮ್ಮ ಅತ್ತೆಯ ಹೆಸರಿನಲ್ಲಿದೆ. ಮೂಡಲ ಮೂಲೆ ಸಂಡಿಗೆಗೆ, ನಡುವೆ ಮೆಣಸಿನಕಾಯಿ, ಪಡುವಲಕ್ಕೆ ಹುಣಸೆಹಣ್ಣು, ಉಳಿದ ಚೂರುಪಾರಿನಲ್ಲಿ ಅತ್ತೆಯೇ ಕೂತು ಕಾಗೆ ಓಡಿಸುತ್ತಾರೆ. ನಾನು ಗಾಜು ಮುಚ್ಚಿದ ಕಾಗದ ಹಿಡಿದು ಹೋದರೆ, "ಅದ್ಯಾವುದೋ ಇಸದ ಕಾಗದ ನನ್ನ ಸಂಡಿಗೆ ತಾವ ತರಬ್ಯಾಡ" ಎಂದು ಗದರುತ್ತಿದ್ದರು. ಕೊನೆಗೆ ನೀರಿನ ತೊಟ್ಟಿಯ ಮೇಲಿನ ಮೊಣಕೈಯಷ್ಟು ಜಾಗ ನನಗೆ ಬಿಟ್ಟುಕೊಟ್ಟರು. ಅಲ್ಲಿ ಕರಿಬೇವು, ಗರಿಕೆ, ಜರಡಿ ಒಂದೊಂದಾಗಿ ನೀಲಿಗಿಳಿದವು. ಅತ್ತೆ ಓರೆಗಣ್ಣಿನಲ್ಲಿ ನೋಡುತ್ತಲೇ ಇರುತ್ತಿದ್ದರು. ಒಂದು ದಿನ ಅವರೇ ಚಕ್ಕುಲಿ ಒರಳಿನ ಬಿಲ್ಲೆ ತಂದು, "ಇದನ್ನ ಮಡಗು ನೋಡಾಣ" ಎಂದರು. ನೀರಿನಿಂದ ತೆಗೆದಾಗ ನೀಲಿಯ ನಡುವೆ ಚಕ್ಕುಲಿಯ ನಕ್ಷತ್ರ. ಅತ್ತೆ ಅದನ್ನು ಬಹಳ ಹೊತ್ತು ನೋಡಿ, "ಥೂ, ತಿನ್ನಕ್ಕೆ ಬರಕಿಲ್ಲ" ಎಂದರು. ಆದರೆ ಆ ಕಾಗದ ಅವರ ಕೋಣೆಗೆ ಹೋದದ್ದು ವಾಪಸು ಬರಲಿಲ್ಲ.

ಈಗ ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಅವರ ತವರು ಹಳೇಬೀಡು. ಮದುವೆಯಾದ ಹೊಸತರಲ್ಲಿ ಗಂಡಹೆಂಡಿರನ್ನು ದೇವಸ್ಥಾನದ ಗೋಡೆಯ ಮುಂದೆ ಕೂರಿಸಿ ಫೋಟೋ ತೆಗೆಸಿದ್ದರಂತೆ. ಅತ್ತೆಯ ಬಣ್ಣ ಕಪ್ಪು, ಹಿಂದಿನ ಕಲ್ಲೂ ಕಪ್ಪು. ಫೋಟೋ ಬಂದಾಗ ಮಾವ ಚೆನ್ನಾಗಿ ಬಂದಿದ್ದರು, ಪಕ್ಕದಲ್ಲಿ ಒಂದು ಸೀರೆ ಮತ್ತು ಒಂದು ಮೂಗುಬೊಟ್ಟು ಮಾತ್ರ ಇದ್ದವು. ಅತ್ತೆಯ ನಾದಿನಿ ಅದನ್ನು ನೆಂಟರೆಲ್ಲರ ಕೈಗೆ ಕೊಟ್ಟು, "ಹೆಣ್ಣೆಲ್ಲಿ, ಬರೀ ಗೋಡೆ ಐತಲ್ಲ" ಎಂದು ನಕ್ಕರಂತೆ. ಅವತ್ತಿನಿಂದ ಅತ್ತೆ ಯಾವ ಕ್ಯಾಮೆರಾದ ಮುಂದೆಯೂ ನಿಂತಿಲ್ಲ. ಫೋಟೋ ಎಂದ ಕೂಡಲೇ, "ಕಾಫಿ ಮಾಡ್ಕೊಂಡು ಬತ್ತೀನಿ" ಎಂದು ಅಡುಗೆಮನೆಗೆ ಎದ್ದು ಹೋಗುತ್ತಾರೆ. ನಮ್ಮ ಆಲ್ಬಮ್ಮಿನಲ್ಲಿ ಅವರನ್ನು ಹುಡುಕಿದರೆ ಒಂದು ಕಡೆ ಮೊಣಕೈ ಸಿಗುತ್ತದೆ, ಇನ್ನೊಂದು ಕಡೆ ಬಾಗಿಲಾಚೆ ಸೆರಗಿನ ತುದಿ. ಆಧಾರ್ ಕಾರ್ಡಿನಲ್ಲಿ ತಪ್ಪಿಸಿಕೊಳ್ಳಲಾಗಲಿಲ್ಲ, ಅದನ್ನು ಯಾರಿಗೆ ತೋರಿಸುವಾಗಲೂ ಮುಖದ ಮೇಲೆ ಹೆಬ್ಬೆರಳು ಇಟ್ಟೇ ತೋರಿಸುತ್ತಾರೆ.

ನಾವೂ ಇದನ್ನು ತಮಾಷೆ ಎಂದುಕೊಂಡೇ ಕಾಲ ಕಳೆದಿದ್ದೆವು. ಆದರೆ ಈ ಸಲ ತನ್ನ ಗಂಡನ ಊರು ಗಂಡಸಿಯಿಂದ ಬಂದಿದ್ದ ನನ್ನ ನಾದಿನಿ, ನಡುಮನೆಯಲ್ಲಿ ಮಾವನ ಮತ್ತು ಅವರ ಹಿರಿಯರ ಪಟಗಳ ಸಾಲಿಗೆ ಹೂವು ಮುಡಿಸುತ್ತ, "ಅಮ್ಮಂದು ಒಂದು ಫೋಟೋನೂ ಇಲ್ವಲ್ಲ ಅತ್ತಿಗೆ, ನಾಳೆ ದಿನಕ್ಕೆ" ಎಂದು ಅರ್ಧಕ್ಕೆ ನಿಲ್ಲಿಸಿದಳು. ಅತ್ತೆ ಅಲ್ಲೇ ಅವರೆಕಾಯಿ ಬಿಡಿಸುತ್ತಿದ್ದರು. ತಲೆಯೆತ್ತದೆ, "ನಂದು ಯಾಕೆ? ಆ ಕಡೇಲಿ ಒಂದು ಮೊಳೆ ಹೊಡೀರಿ, ಸಾಕು. ಮೊಳೆ ನೋಡಿ ಕೈ ಮುಗೀರಿ" ಎಂದರು. ನಾದಿನಿ, "ಬಿಡ್ತು ಅನ್ನಮ್ಮಾ" ಎಂದು ರೇಗಿದಳು. ನನಗೆ ಮಾತ್ರ ಆ ಮಾತು ಎದೆಯಲ್ಲಿ ಸಿಕ್ಕಿಕೊಂಡಿತು. ಎಪ್ಪತ್ತು ದಾಟಿದ ಹೆಂಗಸು, ಇಷ್ಟು ಜನಕ್ಕೆ ಉಣ್ಣಿಸಿ ಬೆಳೆಸಿದವಳು, ಗೋಡೆಯ ಮೇಲೆ ಒಂದು ಮೊಳೆಯಾಗಿ ಉಳಿಯುತ್ತೇನೆ ಅನ್ನುತ್ತಿದ್ದಾಳಲ್ಲ ಎಂದು ಸಂಕಟವಾಯಿತು. ಈ ನೀಲಿಯಿಂದ ಇನ್ನೇನು ಆಗದಿದ್ದರೂ ಪರವಾಗಿಲ್ಲ, ಅತ್ತೆ ತನ್ನ ಮುಖವನ್ನು ತಾನು ಬೆರಳು ಅಡ್ಡ ಇಡದೆ ನೋಡಬೇಕು ಎಂದು ಅವತ್ತು ಹಟ ಹಿಡಿದೆ.

ಹೇಳಿದಷ್ಟು ಸುಲಭವೇ? ಕೇಳಿದಾಗಲೆಲ್ಲ ಮನೆಯಲ್ಲಿ ಕಾಫಿ ತಯಾರಾಗುತ್ತಿತ್ತು. ಕೊನೆಗೆ ಅವಕಾಶ ಸಿಕ್ಕಿದ್ದು ಹಳೇಬೀಡಿನಲ್ಲಿ. ಅತ್ತೆಯ ತಮ್ಮನ ಮನೆಯ ಗೃಹಪ್ರವೇಶ ಮುಗಿಸಿ, ಹೋಳಿಗೆ ಊಟದ ಭಾರ ಇಳಿಯಲಿ ಎಂದು ನಾನು, ನಮ್ಮನೆಯವರು, ಅತ್ತೆ ದೇವಸ್ಥಾನದ ಕಡೆ ಹೋಗಿ ಕೂತೆವು. ಮಧ್ಯಾಹ್ನದ ಹೊತ್ತು, ಕಲ್ಲು ಬೆಚ್ಚಗಿತ್ತು, ಜನ ಹೆಚ್ಚಿರಲಿಲ್ಲ. ಆನೆಗಳ ಸಾಲು, ಕುದುರೆಗಳ ಸಾಲು, ಅವುಗಳ ಮೇಲೆ ಹಂಸಗಳ ಸಾಲು, ನೋಡುತ್ತ ಹೋದರೆ ಅವೇ ಮೆಲ್ಲಗೆ ನಡೆಯುತ್ತಿವೆಯೇನೋ ಅನ್ನಿಸಿ ನನಗೆ ಕಣ್ಣು ಎಳೆಯುತ್ತಿತ್ತು. ಅರೆನಿದ್ದೆಯಲ್ಲೇ, "ನೋಡಿ ಅತ್ತೆ, ಈ ಕಲ್ಲು ಎಷ್ಟು ಕಪ್ಪು, ಎಷ್ಟು ಚೆಂದ" ಎಂದೆ. ಅತ್ತೆ, "ಕಲ್ಲಿಗೇನು, ಹೆಣ್ಣು ನೋಡಕ್ಕೆ ಬತ್ತಾರಾ? ಎಂಗಿದ್ರೂ ನಡೀತೈತೆ" ಎಂದರು. ನಿದ್ದೆ ಹಾರಿಹೋಯಿತು. ಅವರೇ ಗೋಡೆಯ ಕಡೆ ತಿರುಗಿ, "ಇಲ್ಲೇ ಕಣೇ ಕೂರಿಸಿದ್ದು. ಇದೇ ಗೋಡೆ" ಎಂದು ಕೈಯಿಂದ ಸವರಿ ತೋರಿಸಿದರು. ಆಮೇಲೆ ಏನು ತೋಚಿತೋ, "ತಗೀ ಅದೇನು ತಗೀತೀಯೋ. ನಾನೊಬ್ಳೇ ಕೂರಾಕಿಲ್ಲ, ನೀನೂ ಪಕ್ಕದಲ್ಲಿ ಕೂತ್ಕಾ. ನಗೋರು ಇಬ್ರನ್ನೂ ನೋಡಿ ನಗ್ಲಿ" ಎಂದರು.

ನಮ್ಮನೆಯವರ ಕೈಗೆ ಮೊಬೈಲು ಕೊಟ್ಟೆ. ಅತ್ತೆ ಗೋಡೆಯ ನೆರಳಿಗೆ ಒರಗಿ ಕೂತರು. ನಾನು? ನನ್ನನ್ನು ಈ ಮನೆಗೆ ತಂದಾಗಿನಿಂದ ಎಲ್ಲರೂ "ಬೆಳ್ಳನೆ ಸೊಸೆ" ಎಂದೇ ಕರೆದದ್ದು. ಆ ಹೆಸರಿಗೆ ಕುಂದು ಬರಬಾರದಲ್ಲ. ಬ್ಯಾಗಿನಿಂದ ಪೌಡರ್ ತೆಗೆದು ಕೆನ್ನೆಗೆ ಒತ್ತಿಕೊಂಡು, ಬಿಸಿಲು ನೇರ ಮುಖಕ್ಕೆ ಬೀಳುವ ಜಾಗ ಹುಡುಕಿ ಕೂತೆ. ನಮ್ಮನೆಯವರು, "ನೀನು ಸ್ವಲ್ಪ ನೆರಳಿಗೆ ಬಾ, ಕಣ್ಣು ಕುಕ್ತಿದೆ" ಎಂದರು. ಹೆಂಡತಿಯ ರೂಪವನ್ನು ಹೊಗಳಲು ಗಂಡಸರಿಗೆ ಬರುವುದೇ ಇಷ್ಟು ಎಂದುಕೊಂಡು ನಾನು ಕದಲಲಿಲ್ಲ.

ಚಿತ್ರವನ್ನು ಅಚ್ಚು ಹಾಕಲು ಅಷ್ಟೇ ದೊಡ್ಡ ನೆಗೆಟಿವ್ ಬೇಕು. ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿ, ಪಾರದರ್ಶಕ ಹಾಳೆಯ ಮೇಲೆ ಪ್ರಿಂಟು ತೆಗೆಸಬೇಕು. ಅರಸೀಕೆರೆ ಬಸ್‌ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯವನು ಹಾಳೆಯನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು, "ಈ ಅಜ್ಜಿ ಯಾರು ಮೇಡಂ, ಎಷ್ಟು ಬೆಳ್ಳಗವ್ರೆ! ಪಕ್ಕದಲ್ಲಿ ಕರ್ರಗಿರೋರು ಯಾರು, ನಿಮ್ಮ ಕಡೆಯೋರಾ?" ಎಂದ. ನನಗೆ ಪಿತ್ತ ನೆತ್ತಿಗೇರಿತು. "ಗೊತ್ತಿಲ್ಲ ಕಣಪ್ಪ, ಯಾರೋ ಟೂರಿಸ್ಟು" ಎಂದು ಹೇಳಿ ಹಾಳೆ ಕಿತ್ತುಕೊಂಡು ಬಂದೆ.

ಮನೆಯಲ್ಲಿ ಇನ್ನೊಂದು ಕಥೆ ಕಾದಿತ್ತು. ಅತ್ತೆ ನೆಗೆಟಿವನ್ನು ಕಿಟಕಿಗೆ ಹಿಡಿದು ನೋಡಿದರು. ಹಾಲಿನಂಥ ಹಣೆ, ಹಾಲಿನಂಥ ಕೆನ್ನೆ. ಮೂಗುಬೊಟ್ಟು ಮಾತ್ರ ಕರಿ ಚುಕ್ಕೆ. "ಇದು ನಾನಾ?" ಎಂದರು. ಹ್ಞೂಂ ಎಂದೆ. ಮತ್ತೆ ನೋಡಿದರು. ನಾನು ಅವರ ಸೊಸೆಯಾಗಿ ಬಂದಾಗಿನಿಂದ ಅವರ ಮುಖದಲ್ಲಿ ಅಂಥ ನಗು ನೋಡಿರಲಿಲ್ಲ, ಹೊಸ ಲಂಗ ಉಟ್ಟ ಹುಡುಗಿಯ ನಗು. "ಇದು ಸಾಕು ಕಣೇ. ಇದಕ್ಕೇ ಕಟ್ಟು ಹಾಕ್ಸು. ಇನ್ನೇನೂ ತೊಳೆಯೋದು ಬಳಿಯೋದು ಬ್ಯಾಡ" ಎಂದು ಹಾಳೆಯನ್ನು ತಮ್ಮ ಟ್ರಂಕಿಗೆ ಹಾಕಿ ಬೀಗ ಜಡಿದರು. ನಾನು ತಡೆಯಲಾರದೆ, "ಅತ್ತೆ, ಅದು ನೀವಲ್ಲ" ಎಂದೆ. ಅವರು ತಿರುಗಿ, "ನಾನಲ್ಲ ಅಂತ್ಲೇ ಬೇಕಾಗಿರೋದು" ಎಂದರು.

ಅಷ್ಟಕ್ಕೇ ನಿಲ್ಲಿಸಲಿಲ್ಲ. "ನಿನ್ನ ಈ ಮನೆಗೆ ಯಾಕೆ ತಂದೆ ಅಂತ ಅಂದ್ಕಂಡಿದ್ದೀಯ?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿತ್ತು. ಹೆಣ್ಣು ನೋಡಲು ಬಂದ ದಿನ ನಾನೊಂದು ದೇವರನಾಮ ಹಾಡಿದ್ದೆ, ಅತ್ತೆ ಕಣ್ಣು ಮುಚ್ಚಿ ಕೇಳಿದ್ದರು. ಆ ಹಾಡಿಗೇ ಒಪ್ಪಿದರೆಂದು ಮೂರು ದಶಕದಿಂದ ನಂಬಿಕೊಂಡು, ಪ್ರತಿ ಗೌರಿಹಬ್ಬಕ್ಕೂ ಅದನ್ನು ತಪ್ಪದೆ ಹಾಡುತ್ತ ಬಂದಿದ್ದೇನೆ. "ಹಾಡಿಗೆ" ಎಂದೆ. "ಅಯ್ಯೋ, ಅದನ್ನ ಸಹಿಸ್ಕಂಡೆ ಕಣೇ. ನಿನ್ನ ಬಣ್ಣಕ್ಕೆ ತಂದಿದ್ದು. ಮೊಮ್ಮಕ್ಕಳಾದ್ರೂ ಫೋಟೋದಲ್ಲಿ ಕಾಣ್ಲಿ ಅಂತ." ನಾನು ಅಟ್ಟ ಹತ್ತಿದೆ. ತೆಂಗಿನಕಾಯಿಗಳ ನಡುವೆ ಕೂತೆ. ಮೊದಲು ಹಾಡಿನ ವಿಷಯಕ್ಕೆ ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಕತ್ತಲಲ್ಲಿ ಬೇರೆಯೇ ಒಂದು ಚಿತ್ರ ಕಣ್ಣ ಮುಂದೆ ಎದ್ದಿತು. ಹದಿನೆಂಟೋ ಹತ್ತೊಂಬತ್ತೋ ವಯಸ್ಸಿನ ಹುಡುಗಿ, ಸುತ್ತ ನೆಂಟರು, ಕೈಯಿಂದ ಕೈಗೆ ಹೋಗುತ್ತಿರುವ ಫೋಟೋ. ಆ ಹುಡುಗಿ ಕಾಫಿ ಮಾಡಲು ಎದ್ದು ಹೋದವಳು ಇನ್ನೂ ವಾಪಸು ಬಂದಿರಲಿಲ್ಲ. ಅವರ ಟ್ರಂಕಿನ ವಿಷಯ ಇನ್ನು ಎತ್ತಬಾರದು ಎಂದುಕೊಂಡು ಇಳಿದು ಬಂದೆ.

ನಾನು ಎತ್ತಲಿಲ್ಲ. ಸುಗ್ಗಿ ಮುಗಿಯಿತು, ಬಿಸಿಲು ಬಲಿಯಿತು. ಒಂದು ಬೆಳಿಗ್ಗೆ ತಾರಸಿಗೆ ಹೋದರೆ, ಅತ್ತೆ ಸಂಡಿಗೆಯ ಪ್ಲಾಸ್ಟಿಕ್ ಹಾಳೆಯನ್ನು ಪಕ್ಕಕ್ಕೆ ಎಳೆದು ಮೂಡಲ ಮೂಲೆ ಪೂರ್ತಿ ಖಾಲಿ ಮಾಡಿ ಕೂತಿದ್ದರು. ಸೆರಗಿನೊಳಗಿಂದ ಆ ನೆಗೆಟಿವ್ ತೆಗೆದು ನನ್ನ ಮುಂದೆ ಇಟ್ಟರು. "ತಗಾ. ಇದು ಭಾರೀ ಕಳ್ಳ ಐತೆ. ಬೆಳಕಿಗೆ ಎತ್ತಿ ಹಿಡಿದ್ರೆ ಬೆಳ್ಳಗೆ ಕಾಣ್ತೀನಿ, ಟ್ರಂಕಿನಲ್ಲಿ ಸೀರೆ ಮೇಲೆ ಮಡಗಿದ್ರೆ ಮತ್ತೆ ಕರ್ರಗಾಯ್ತೀನಿ" ಎಂದರು. ನಿಜವೇ, ಅವರ ಮುಖ ಇರುವ ಕಡೆ ಆ ಹಾಳೆ ಬರೀ ಪಾರದರ್ಶಕ, ಹಿಂದೆ ಏನಿರುತ್ತದೋ ಅದರ ಬಣ್ಣ. "ದಿನಾ ಎತ್ತಿ ಹಿಡ್ಕಂಡೇ ಇರಾಕ್ಕಾಯ್ತದಾ? ಕೈ ನೋಯ್ತೈತೆ. ಅದೇನು ಮಾಡ್ತೀಯೋ ಮಾಡು, ಬಿಸಿಲು ಹೋಗೋದ್ರೊಳಗೆ" ಎಂದರು.

ಅಟ್ಟದಿಂದ ಇದ್ದುದರಲ್ಲಿ ಚೆನ್ನಾಗಿ ಬಳಿದ ಕಾಗದ ತಂದು, ನೆಗೆಟಿವ್ ಹೊಂದಿಸಿ, ಹಳೇ ಪಟವೊಂದರ ಗಾಜು ಮುಚ್ಚಿ ಬಿಸಿಲಿಗಿಟ್ಟೆ. ಇಬ್ಬರೂ ಅದರ ಎರಡು ಬದಿಗೆ ಕೂತೆವು. ಅತ್ತೆ ಕೋಲಿನಿಂದ ಕಾಗೆ ಓಡಿಸುತ್ತಿದ್ದರು, ಸಂಡಿಗೆಗೋ ತಮ್ಮ ಮುಖಕ್ಕೋ ಗೊತ್ತಾಗಲಿಲ್ಲ. ಮೋಡದ ಒಂದು ತುಣುಕು ಬಂದು ಸೂರ್ಯನಿಗೆ ಅಡ್ಡ ನಿಂತಾಗ, "ಹೋಗೋ ಆ ಕಡೆ" ಎಂದು ಅದನ್ನೂ ಗದರಿದರು. ಹಾಗೆ ಬಿಸಿಲಿನಲ್ಲಿ, ಹುಣಸೆಹಣ್ಣಿನ ವಾಸನೆಯಲ್ಲಿ, ಅತ್ತೆಯ ಪಕ್ಕ ಮಾತಿಲ್ಲದೆ ಕೂತಿದ್ದಾಗ ನನಗೆ ಈ ಹೊತ್ತು ಮುಗಿಯುವುದೇ ಬೇಡ ಅನ್ನಿಸಿತು. ಚಿತ್ರ ಬರದಿದ್ದರೂ ಚಿಂತೆಯಿಲ್ಲ ಅನ್ನಿಸಿತು. ಆ ಮಾತು ಸುಳ್ಳು ಎಂದು ಮರುಕ್ಷಣವೇ ಗೊತ್ತಾಯಿತು. ಚಿತ್ರ ಬರದಿದ್ದರೆ ನಾನು ಜೀವಮಾನದಲ್ಲಿ ಇವರ ಮುಖ ನೋಡುವ ಹಾಗಿರಲಿಲ್ಲ.

ನಿಂಬೆಹಣ್ಣು ಹಿಂಡಿದ ನೀರಿಗೆ ಕಾಗದ ಇಳಿಸಿದೆ. ಹಳದಿ ಬಿಟ್ಟುಕೊಂಡಿತು. ಮೊದಲು ಎದ್ದು ಬಂದದ್ದು ಗೋಡೆ, ಗೋಡೆಯ ಆನೆಗಳು. ಆಮೇಲೆ, ಗೋಡೆಗಿಂತ ಒಂದು ಎಳೆ ತಿಳಿಯಾದ ನೀಲಿಯಲ್ಲಿ, ಅತ್ತೆ. ಹಣೆಯ ಗೆರೆಗಳು ಒಂದೊಂದೂ ಬಂದವು. ಕಣ್ಣಿನ ಕೆಳಗಿನ ನೆರಿಗೆ, ಗದ್ದದ ಗುಳಿ, ಮೊಣಕಾಲ ಮೇಲಿಟ್ಟ ಕೈಯ ನರಗಳು. ಮಾವ ಹೋದ ಮೇಲೂ ಯಾರ ಮಾತಿಗೂ ತೆಗೆಯದೆ ಉಳಿಸಿಕೊಂಡ ಮೂಗುಬೊಟ್ಟು ಚುಕ್ಕಿಯ ಹಾಗೆ ಬೆಳ್ಳಗೆ ಹೊಳೆಯಿತು. ಕಾಗದಕ್ಕೆ ಬಳಿದ ಈ ಮದ್ದಿಗೆ ಕಪ್ಪೆಂದರೆ ಎಂಥ ಪ್ರೀತಿ ಎಂದು ನನಗೆ ಅವತ್ತು ಅರ್ಥವಾಯಿತು. ತನ್ನಲ್ಲಿ ಇದ್ದಬದ್ದ ನೀಲಿಯನ್ನೆಲ್ಲ ತಂದು ಆ ಮುಖಕ್ಕೆ ಸುರಿದಿತ್ತು. ಇಷ್ಟು ಚೆಂದದ ಹೆಂಗಸಿನ ಜೊತೆ ಮೂವತ್ತು ವರ್ಷದಿಂದ ಒಂದೇ ಅಡುಗೆಮನೆಯಲ್ಲಿ ಇದ್ದೇನೆ ಎಂದು ನನಗೆ ಗೊತ್ತೇ ಇರಲಿಲ್ಲ. ಹಾಗೆಂದು ಬಾಯಿಬಿಟ್ಟೇ ಹೇಳಿದೆ. ಅತ್ತೆ ಕೇಳಿಸಿಕೊಳ್ಳಲಿಲ್ಲ. ಅವರು ನೀರಿನ ಮೇಲೆ ಬಾಗಿ, ಬೆರಳು ಅಡ್ಡ ಇಡದೆ, ನೋಡುತ್ತಿದ್ದರು.

ಬಹಳ ಹೊತ್ತಿನ ಮೇಲೆ, "ನಮ್ಮವ್ವನ ಹಂಗೇ ಇದ್ದೀನಿ" ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಕತ್ತು ಓರೆ ಮಾಡಿ ಟ್ರೇಯ ಆ ಬದಿ ನೋಡಿ, "ನೀನೆಲ್ಲೇ?" ಎಂದರು. ನಾನೂ ಆಗಲೇ ನೋಡಿದ್ದು. ಅತ್ತೆಯ ಪಕ್ಕದಲ್ಲಿ ಒಂದು ಸೀರೆ ಇತ್ತು. ಸೀರೆಯ ಮೇಲುಗಡೆ ಬರೀ ಕಾಗದ. ಬಿಸಿಲು, ಪೌಡರು, ಬೆಳ್ಳನೆ ಬಣ್ಣ ಮೂರೂ ಸೇರಿ ನನ್ನನ್ನು ಪೂರ್ತಿ ಅಳಿಸಿಹಾಕಿದ್ದವು. ಹುಡುಕಿದರೆ ಎರಡು ಮೂಗಿನ ಹೊಳ್ಳೆ, ಒಂದು ಬಿಂದಿ ಸಿಗುತ್ತಿತ್ತು. ಇನ್ನೂ ಸ್ವಲ್ಪ ತೊಳೆದರೆ ಬಂದೀತೇನೋ ಎಂದು ನೀರು ಅಲ್ಲಾಡಿಸಿದೆ. ಬರಲಿಲ್ಲ.

ಸಂಜೆ ನಮ್ಮನೆಯವರು ತೋಟದಿಂದ ಬಂದವರು ಒಣಗಿದ ಚಿತ್ರ ನೋಡಿ, "ಅಮ್ಮಾ" ಎಂದು ಅಷ್ಟೇ ಹೇಳಿ, ಸುತ್ತಿಗೆ ಹುಡುಕಲು ಹೋದರು. ನಡುಮನೆಯ ಪಟಗಳ ಸಾಲಿನ ಕೊನೆಗೆ ಮೊಳೆ ಇಡುವಷ್ಟರಲ್ಲಿ ಅತ್ತೆ, "ಆ ಸಾಲಿಗೆ ಬ್ಯಾಡ ಕಣ್ಲಾ, ಇನ್ನೂ ಇದ್ದೀನಿ!" ಎಂದು ಕೂಗಿದರು. ಮೊಳೆ ಬಾಗಿಲಿನ ಎದುರಿಗೆ, ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಕಡೆ ಹೋಯಿತು. ಈಗ ಅತ್ತೆಯ ಕುರ್ಚಿಯೂ ಅಲ್ಲೇ ಇದೆ. ಬಂದವರೆಲ್ಲ ನಿಂತು ನೋಡುತ್ತಾರೆ. ಅತ್ತೆಯ ನಾದಿನಿಯೂ ಬಂದಿದ್ದರು. ವಯಸ್ಸಾಗಿ ಕಣ್ಣು ಮಂಜಾಗಿದೆ, ಹತ್ತಿರ ಹೋಗಿ ನೋಡಿ, "ಅತ್ತಿಗೇ, ದೇವರ ಹಂಗೆ ಕುಂತಿದ್ದೀರಲ್ಲ" ಎಂದರು. ಅತ್ತೆ ಅವರಿಗೆ ಒಂದು ಹೋಳಿಗೆ ಹೆಚ್ಚು ಬಡಿಸಿದರು.

ಆಮೇಲೆ ಆ ಅಜ್ಜಿ, "ಪಕ್ಕದಲ್ಲಿ ಇದೇನು, ಬರೀ ಸೀರೆ ಐತೆ?" ಎಂದು ಕೇಳಿದ್ದು ನನಗೆ ಒಳಗೆ ಕೇಳಿಸಿತು. ಈಗ ಬಂದವರೆಲ್ಲ ಕೇಳುವ ಪ್ರಶ್ನೆಯೇ ಅದು, ಅತ್ತೆ ಎಲ್ಲರಿಗೂ ಕೊಡುವ ಉತ್ತರವೂ ಒಂದೇ. ಅವರ ದನಿಯಲ್ಲಿ ಈಚೆಗೆ ಬಂದಿರುವ ಠೀವಿಯನ್ನು ನೀವು ಕೇಳಬೇಕು. "ಅದಾ? ಅದು ನಮ್ಮ ಸೊಸೆ ಕಣವ್ವ. ಫೋಟೋ ತೆಗೆಯೋ ಹೊತ್ತಿಗೆ ಸರಿಯಾಗಿ ಕಾಫಿ ಮಾಡ್ಕೊಂಡು ಬತ್ತೀನಿ ಅಂತ ಎದ್ದು ಹೋದ್ಲು." ನಾನು ಒಳಗಿನಿಂದ ಇಲ್ಲ ಎಂದು ಕೂಗಿ ಹೇಳಬಹುದಿತ್ತು. ಆದರೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಡಿಕಾಕ್ಷನ್ ಇಳಿದಿತ್ತು, ಲೋಟಗಳನ್ನು ಜೋಡಿಸಿದ್ದೆ.